9.81ಕ್ಕಾಗಿ ಮಕ್ಕಳ ಕೈಯಲ್ಲಿ ಸುಳ್ಳು ಬರೆಸಬೇಡಿ

ಪ್ಲಸ್ ಟು ಭೌತಶಾಸ್ತ್ರ ಪ್ರಾಕ್ಟಿಕಲ್ ಪರೀಕ್ಷೆಗೆ ಪರೀಕ್ಷಕರಾಗಿ ಬರುವ ಎಲ್ಲ ಅಧ್ಯಾಪಕ, ಅಧ್ಯಾಪಿಕೆಯರಿಗೆ, ಹಾಗೂ ಆ ಪರೀಕ್ಷೆಯ ಅಂಕ ಹಂಚಿಕೆಯನ್ನು ನಿರ್ಧರಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಹೈಯರ್ ಸೆಕೆಂಡರಿ ಶಾಲೆಯ ಭೌತಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿ ದುಡಿದು ನಿವೃತ್ತಳಾದವಳು ನಾನು. ಪರೀಕ್ಷೆಯ ದಿನ ತಾವು ಬರುವ ಮೊದಲೇ ಮೇಜುಗಳನ್ನು ಒರಸಿ, ಉಪಕರಣಗಳನ್ನು ಜೋಡಿಸಿಟ್ಟು, ಮಕ್ಕಳಿಗೆ ನೂಲು, ಗುಂಡು, ಸ್ಟಾಪ್ ವಾಚ್ ಕೊಟ್ಟು ಬಾಗಿಲ ಪಕ್ಕದಲ್ಲಿ ನಿಂತಿರುತ್ತಿದ್ದೆ. ಪರೀಕ್ಷೆ ನಡೆಯುವಾಗ ಮಾತಾಡುವ ಅಧಿಕಾರ ನನಗಿರಲಿಲ್ಲ, ಇರಬೇಕಾದ್ದೂ ಅಲ್ಲ. ಆದರೆ ಎಲ್ಲ ಮೇಜುಗಳನ್ನೂ ಮೊದಲಿನಿಂದ ಕೊನೆಯವರೆಗೆ ನೋಡುವ ಅವಕಾಶ ಆ ಕೋಣೆಯಲ್ಲಿ ನನಗೊಬ್ಬಳಿಗೇ ಇತ್ತು. ಹಾಗೆ ಕಂಡದ್ದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ.

ವಿಷಯ ಇಷ್ಟು. ನಮ್ಮ ಲ್ಯಾಬುಗಳಲ್ಲಿ ಎಷ್ಟೋ ಮಕ್ಕಳು ಅಳೆಯುತ್ತಿಲ್ಲ. ಪುಸ್ತಕದಲ್ಲಿರುವ ಉತ್ತರವನ್ನು (ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಏರುವ ದರ, 9.81 ಎಂಬಂಥದ್ದನ್ನು) ಮೊದಲು ಇಟ್ಟುಕೊಂಡು, ಅದಕ್ಕೆ ಸರಿಹೋಗುವ ರೀಡಿಂಗುಗಳನ್ನು ಹಿಂದಿನಿಂದ ಲೆಕ್ಕ ಹಾಕಿ ಕೋಷ್ಟಕ ತುಂಬುತ್ತಿದ್ದಾರೆ. ಹಾಗೆ ತುಂಬಿದವರಿಗೆ ಪೂರ್ಣ ಅಂಕ ಸಿಗುತ್ತದೆ. ಕಂಡದ್ದನ್ನು ಕಂಡ ಹಾಗೆ ಬರೆದವರ ಅಂಕ ಹೋಗುತ್ತದೆ. ಇದನ್ನು ಮಕ್ಕಳ ತಪ್ಪು ಎಂದು ನಾನು ಹೇಳುವುದಿಲ್ಲ. ಅಂಕ ಎಲ್ಲಿ ಸಿಗುತ್ತದೋ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಅಂಕ ಕೊಡುವವರು ತಾವು, ಆದ್ದರಿಂದ ತಮ್ಮಲ್ಲೇ ಕೇಳುತ್ತಿದ್ದೇನೆ.

ಒಂದು ಪರೀಕ್ಷೆಯಲ್ಲಿ ಅಕ್ಕಪಕ್ಕದ ಮೇಜಿನ ಇಬ್ಬರಿಗೂ ಸರಳ ಲೋಲಕದ, ಅಂದರೆ ನೂಲಿನಲ್ಲಿ ತೂಗಾಡುವ ಗುಂಡಿನಿಂದ ಗುರುತ್ವ ವೇಗೋತ್ಕರ್ಷ ಅಳೆಯುವ ಪ್ರಯೋಗವೇ ಬಂದಿತ್ತು. ಹುಡುಗಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಗುಂಡಿನ ವ್ಯಾಸವನ್ನು ವರ್ನಿಯರ್ ಕ್ಯಾಲಿಪರ್ಸಿನಲ್ಲಿ ಅಳೆದು, ಅದರ ಅರ್ಧವನ್ನು ನೂಲಿನ ಉದ್ದಕ್ಕೆ ಸೇರಿಸಿ, ಒಟ್ಟು 100 ಸೆಂಟಿಮೀಟರ್ ಆಗುವಂತೆ ಕಟ್ಟಿದಳು. ಗಾಳಿಗೆ ಗುಂಡು ಅಲ್ಲಾಡುತ್ತದೆ, ಫ್ಯಾನ್ ನಿಲ್ಲಿಸಬಹುದೇ ಎಂದು ಕೈಸನ್ನೆಯಲ್ಲಿ ಕೇಳಿದಳು. ಸ್ವಿಚ್ ಆರಿಸಿದೆ. ಗುಂಡನ್ನು ಸ್ವಲ್ಪವೇ ಸರಿಸಿ ಬಿಟ್ಟು, ಮೊದಲಿನ ಕೆಲವು ಆಂದೋಲನಗಳನ್ನು ಹೋಗಲು ಬಿಟ್ಟು, ಸೊನ್ನೆಯಿಂದ ಎಣಿಕೆ ಸುರು ಮಾಡಿದಳು. 20 ಆಂದೋಲನಗಳಿಗೆ 40.4 ಸೆಕೆಂಡು. ಮತ್ತೊಮ್ಮೆ 40.3. ಮೂರನೆಯ ಸಲ 40.5. ಸರಾಸರಿ 40.4, ಅಂದರೆ ಒಂದು ಆಂದೋಲನಕ್ಕೆ 2.02 ಸೆಕೆಂಡು. ಲೆಕ್ಕ ಮಾಡಿದಾಗ ಗುರುತ್ವ ವೇಗೋತ್ಕರ್ಷ 9.68 ಮೀ/ಸೆ² ಎಂದು ಬಂತು. ಅದನ್ನೇ ಬರೆದಳು.

ಪಕ್ಕದ ಹುಡುಗ ಸ್ಟಾಪ್ ವಾಚನ್ನು ಒಂದೆರಡು ಸಲ ಒತ್ತಿ ಬದಿಗಿಟ್ಟ. ಉಳಿದ ಹೊತ್ತೆಲ್ಲ ರಫ್ ಹಾಳೆಯಲ್ಲಿ ಗುಣಿಸಿ ಭಾಗಿಸಿದ. ಕೋಷ್ಟಕದಲ್ಲಿ ಮೊದಲು ಬರೆದಿದ್ದ ಅಂಕಿಗಳನ್ನು ರಬ್ಬರಿನಿಂದ ಉಜ್ಜಿ 40.1, 40.2, 40.1 ಎಂದು ಬರೆದ. ಉತ್ತರ 9.80. ಪರೀಕ್ಷಕರು ಅವನ ಹಾಳೆಗೆ ಸರಿ ಗುರುತು ಹಾಕಿದರು. ಹುಡುಗಿಯ 9.68ರ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಹಾಕಿ, “9.8 ಅಲ್ವಾ ಬರಬೇಕಾದ್ದು? ಸರಿಯಾಗಿ ಮಾಡ್ಲಿಲ್ಲ ನೀನು” ಎಂದರು. “ಸರ್, ನನಗೆ ಬಂದದ್ದು ಅಷ್ಟೇ” ಎಂದಳು ಆಕೆ. ಅದಕ್ಕಿಂತ ಹೆಚ್ಚು ಹೇಳಲು ಆಕೆಗೆ ಯಾರೂ ಕಲಿಸಿರಲಿಲ್ಲ.

ಆಕೆ ಏನು ಹೇಳಬಹುದಿತ್ತು ಎಂಬುದನ್ನು ಆಕೆಯ ಪರವಾಗಿ ಇಲ್ಲಿ ಬರೆಯುತ್ತೇನೆ. ಸ್ಟಾಪ್ ವಾಚ್ ಸೆಕೆಂಡಿನ ನೂರನೆಯ ಒಂದು ಭಾಗವನ್ನು ತೋರಿಸಬಹುದು, ಒತ್ತುವ ಬೆರಳು ಅಷ್ಟು ಚುರುಕಲ್ಲ. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. 40.4 ಸೆಕೆಂಡಿನಲ್ಲಿ 0.2 ಎಂದರೆ ಶೇಕಡಾ ಅರ್ಧ. ಸೂತ್ರದಲ್ಲಿ ಕಾಲದ ವರ್ಗ ಬರುವುದರಿಂದ ಅದು ಇಮ್ಮಡಿಯಾಗಿ ಶೇಕಡಾ 1 ಆಗುತ್ತದೆ. ನೂಲಿನ ಉದ್ದದಲ್ಲಿ 2 ಮಿಲಿಮೀಟರ್ ಆಚೀಚೆ ಎಂದು ಹಿಡಿದರೆ ಇನ್ನೊಂದು ಶೇಕಡಾ 0.2. ಒಟ್ಟು ಶೇಕಡಾ 1.2. 9.68ರಲ್ಲಿ ಅದು ಸುಮಾರು 0.12. ಆದ್ದರಿಂದ ಆಕೆಯ ಸರಿಯಾದ ಉತ್ತರ 9.7 ± 0.1, ಅಂದರೆ 9.6ರಿಂದ 9.8ರ ನಡುವೆ. ಆ ನೂಲು, ಆ ಗುಂಡು, ಆ ಗಡಿಯಾರ ಕೈಯಲ್ಲಿರುವಾಗ ಇದಕ್ಕಿಂತ ಹೆಚ್ಚಿನದನ್ನು ಪ್ರಾಮಾಣಿಕವಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲ. 

ಇನ್ನು, ಬರಬೇಕಾದ್ದು ಎಷ್ಟು? ಪುಸ್ತಕಗಳಲ್ಲಿ ಕಾಣುವ 9.80665 ಎಂಬುದು 1901ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆ ಒಪ್ಪಿಕೊಂಡ ಪ್ರಮಾಣ ಬೆಲೆ. 45 ಡಿಗ್ರಿ ಅಕ್ಷಾಂಶದ ಸಮುದ್ರ ಮಟ್ಟದ ಬೆಲೆಗೆ ಅದು ಹತ್ತಿರ. ಭೂಮಿ ತಿರುಗುತ್ತಿದೆ, ನಡುವಿನಲ್ಲಿ ಸ್ವಲ್ಪ ಉಬ್ಬಿದೆ. ಹಾಗಾಗಿ ಈ ಬೆಲೆ ಧ್ರುವಗಳಲ್ಲಿ 9.83, ಸಮಭಾಜಕದಲ್ಲಿ 9.78. ಕಾಸರಗೋಡು ಇರುವುದು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕಡಲ ದಂಡೆಯಲ್ಲಿ. ಅಕ್ಷಾಂಶದ ಸೂತ್ರದಂತೆ ಇಲ್ಲಿನ ಬೆಲೆ ಸುಮಾರು 9.78. ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಯಾವ ಲ್ಯಾಬಿನಲ್ಲೂ ನಿಜವಾದ ಬೆಲೆ 9.81 ಅಲ್ಲ. ಮಕ್ಕಳು ರಬ್ಬರ್ ಹಿಡಿದು ತಲುಪಲು ಹೆಣಗುವ ಆ ಅಂಕಿ ನಮ್ಮ ಊರಿನದ್ದೇ ಅಲ್ಲ. ಆ ಹುಡುಗಿಯ 9.6ರಿಂದ 9.8ರ ನಡುವೆ ನಮ್ಮ 9.78 ಸರಿಯಾಗಿ ಕೂತಿದೆ. ಅವಳು ಅಳೆದದ್ದು ಸರಿ. ಕೆಂಪು ವೃತ್ತ ಹಾಕಿದ್ದು ತಪ್ಪು.

ಶಬ್ದದ ವೇಗದ ಪ್ರಯೋಗದಲ್ಲೂ ಇದೇ ಕತೆ. 512 ಹರ್ಟ್ಸ್ ಶ್ರುತಿಕವೆ ಹಿಡಿದು ಅನುರಣನದ ಕೊಳವೆಯಲ್ಲಿ ಎರಡು ಕಡೆ ಶಬ್ದ ಏರುವ ಜಾಗ ಹುಡುಕಬೇಕು. ಪ್ರಾಕ್ಟಿಕಲ್ ಸಮಯದಲ್ಲಿ ಮಧ್ಯಾಹ್ನ ನಮ್ಮ ಲ್ಯಾಬಿನ ಒಳಗೆ 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಆ ಉಷ್ಣತೆಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸುಮಾರು 349 ಮೀ/ಸೆ. ಎರಡು ಜಾಗಗಳ ಅಂತರ ಶಬ್ದದ ಅಲೆಯ ಉದ್ದದ ಅರ್ಧ, ಅಂದರೆ 34.1 ಸೆಂಟಿಮೀಟರ್ ಬರಬೇಕು. ಮಕ್ಕಳಿಗೆ ಅದು ಬರುತ್ತದೆ ಕೂಡ. ಆದರೆ ‘340’ ಎಂಬ ಅಂಕಿ ತಲೆಯಲ್ಲಿ ಕೂತಿರುವುದರಿಂದ ಅದನ್ನು 33.2 ಎಂದು ತಿದ್ದುತ್ತಾರೆ. ಗೋಡೆಯಲ್ಲಿ ಉಷ್ಣತಾಮಾಪಕ ತೂಗುತ್ತಿರುತ್ತದೆ, ಯಾರೂ ಅದರತ್ತ ನೋಡುವುದಿಲ್ಲ. ಸರಿಯಾಗಿದ್ದ ರೀಡಿಂಗನ್ನು ತಿದ್ದಿ ತಪ್ಪು ಮಾಡಿದವನಿಗೆ ಪೂರ್ಣ ಅಂಕ ಹೋಗುವುದನ್ನು ನೋಡುತ್ತ ಸುಮ್ಮನೆ ನಿಲ್ಲುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ತಪ್ಪು ಉತ್ತರಗಳ ಬಗ್ಗೆಯೂ ಹೇಳಬೇಕು. ಮಕ್ಕಳ ತಪ್ಪು ಉತ್ತರಗಳು ಸುಮ್ಮನೆ ತಪ್ಪಾಗಿರುವುದಿಲ್ಲ, ಎಲ್ಲಿ ಎಡವಿದ್ದಾರೆ ಎಂಬುದನ್ನು ಅವೇ ತೋರಿಸಿಕೊಡುತ್ತವೆ. ಲೋಲಕದಲ್ಲಿ ಯಾರಿಗಾದರೂ 10.8 ಬಂದರೆ ನಾನು ದೂರದಿಂದಲೇ ಹೇಳಬಲ್ಲೆ: ಗುಂಡು ಬಿಟ್ಟ ಕೂಡಲೇ ಸೊನ್ನೆ ಎನ್ನುವ ಬದಲು ಒಂದು ಎಂದು ಎಣಿಸಿದ್ದಾರೆ, 19 ಆಂದೋಲನಗಳನ್ನು 20 ಎಂದು ತಿಳಿದಿದ್ದಾರೆ. 20ನ್ನು 19ರಿಂದ ಭಾಗಿಸಿ ವರ್ಗ ಮಾಡಿದರೆ 1.108. 9.78ನ್ನು ಅದರಿಂದ ಗುಣಿಸಿ ನೋಡಿ, 10.8 ಬರುತ್ತದೆ. ಗುಂಡನ್ನು ಜೋರಾಗಿ ಎಳೆದು 20 ಡಿಗ್ರಿಯಿಂದ ಬಿಟ್ಟವರಿಗೆ ಉತ್ತರ ಶೇಕಡಾ ಒಂದೂವರೆಯಷ್ಟು ಕಡಿಮೆ ಬರುತ್ತದೆ. ನಾವು ಬಳಸುವ ಸೂತ್ರ ಸಣ್ಣ ಕೋನಗಳಿಗೆ ಮಾತ್ರ ಸರಿ. ಆ 10.8ನ್ನು ಹಾಗೇ ಉಳಿಸಿ “ಎಣಿಕೆ ಎಲ್ಲಿಂದ ಸುರು ಮಾಡಿದೆ?” ಎಂದು ಒಂದು ಪ್ರಶ್ನೆ ಕೇಳಿದರೆ ಮಗು ಜೀವನವಿಡೀ ಮರೆಯದ ಹಾಗೆ ಕಲಿಯುತ್ತದೆ. ಉಜ್ಜಿ 9.8 ಮಾಡಿಸಿದರೆ ತಪ್ಪೂ ಹೋಯಿತು, ತಪ್ಪಿನ ಜೊತೆ ಪಾಠವೂ ಹೋಯಿತು.

ಇದರಲ್ಲಿ ನನಗೆ ಅತ್ಯಂತ ನೋವು ಕೊಟ್ಟದ್ದು ಒಂದು ಗ್ರಾಫ್. ಒಬ್ಬ ಹುಡುಗ ಲೋಲಕದ ಉದ್ದವನ್ನು ಅಡ್ಡ ಅಕ್ಷದಲ್ಲಿ, ಆಂದೋಲನ ಕಾಲದ ವರ್ಗವನ್ನು ಲಂಬ ಅಕ್ಷದಲ್ಲಿ ಗುರುತಿಸಿದ್ದ. ಬಿಂದುಗಳು ಚೆನ್ನಾಗಿ ಒಂದೇ ಸಾಲಿನಲ್ಲಿದ್ದವು. ಸ್ಕೇಲ್ ಇಟ್ಟು ಎಳೆದ ರೇಖೆ ಮಾತ್ರ ಮೂಲಬಿಂದುವಿನ ಮೂಲಕ ಹೋಗದೆ, ಅದಕ್ಕಿಂತ ಎಡಗಡೆ ಅಡ್ಡ ಅಕ್ಷವನ್ನು ಸುಮಾರು ಒಂದು ಸೆಂಟಿಮೀಟರ್ ಬೆಲೆಯಷ್ಟು ದೂರದಲ್ಲಿ ಕತ್ತರಿಸುತ್ತಿತ್ತು. “ಈ ರೇಖೆ ಮೂಲಬಿಂದುವಿನಿಂದಲೇ ಹೋಗಬೇಕು” ಎಂದು ಹೇಳಿ ಅವನಿಂದ ಅದನ್ನು ಅಳಿಸಿ ಬೇರೆ ರೇಖೆ ಎಳೆಸಲಾಯಿತು. ಎರಡು ಬಿಂದುಗಳು ರೇಖೆಯಿಂದ ಹೊರಗುಳಿದವು, ಅವನ್ನೂ ಒಳಗೆ ಸರಿಸಲಾಯಿತು. ನಿಜ ಏನೆಂದರೆ ಆ ಹುಡುಗ ನೂಲಿನ ಉದ್ದವನ್ನು ಗುಂಡಿನ ಮೇಲ್ತುದಿಯವರೆಗೆ ಮಾತ್ರ ಅಳೆದಿದ್ದ, ಕೇಂದ್ರದವರೆಗೆ ಅಳೆದಿರಲಿಲ್ಲ. ಗುಂಡಿನ ವ್ಯಾಸ 2 ಸೆಂಟಿಮೀಟರ್, ತ್ರಿಜ್ಯ 1 ಸೆಂಟಿಮೀಟರ್. ರೇಖೆ ಎಡಕ್ಕೆ ಸರಿದದ್ದೂ ಅಷ್ಟೇ. ಅಳೆಯಲು ಮರೆತದ್ದನ್ನು ಗ್ರಾಫ್ ತಾನಾಗಿಯೇ ಅಳೆದುಕೊಟ್ಟಿತ್ತು! ಅದಕ್ಕಿಂತ ಮುಖ್ಯವಾಗಿ, ಎಲ್ಲ ಉದ್ದಗಳಲ್ಲೂ ಒಂದೇ ಪ್ರಮಾಣದ ಕೊರತೆ ಇದ್ದರೆ ರೇಖೆಯ ಇಳಿಜಾರು ಬದಲಾಗುವುದಿಲ್ಲ. ಇಳಿಜಾರಿನಿಂದ ಲೆಕ್ಕ ಹಾಕಿದ್ದರೆ ಅವನ ಉತ್ತರ ಸರಿಯಾಗಿಯೇ ಬರುತ್ತಿತ್ತು. ನಾವು ಗ್ರಾಫ್ ಎಳೆಸುವುದೇ ಇದಕ್ಕಾಗಿ. ರೇಖೆಯನ್ನು ಮೂಲಬಿಂದುವಿಗೆ ಎಳೆದು ಕೂರಿಸಿದ ಮೇಲೆ ಇಳಿಜಾರೂ ಕೆಟ್ಟಿತು, ಸರಿಯಿದ್ದ ಉತ್ತರವೂ ಕೆಟ್ಟಿತು.

ಉಪಕರಣಗಳ ವಿಷಯವನ್ನು ನನ್ನಷ್ಟು ಹತ್ತಿರದಿಂದ ಬಲ್ಲವರು ಕಡಿಮೆ ಎಂದುಕೊಂಡಿದ್ದೇನೆ. ನಮ್ಮದು ಕಡಲ ಗಾಳಿಯ ಊರು, ಮಳೆಗಾಲವೂ ದೊಡ್ಡದು. ಜೂನಿನಲ್ಲಿ ಶಾಲೆ ತೆರೆದು ಕಪಾಟಿನ ಬಾಗಿಲು ತೆಗೆದರೆ ಸ್ಕ್ರೂ ಗೇಜಿನ ತಿರುಪಿಗೆ ತುಕ್ಕು, ಮರದ ಮೀಟರ್ ಸ್ಕೇಲಿಗೆ ಬೂಷ್ಟು. ಎಣ್ಣೆ ಹಾಕಿ, ಒರಸಿ, ಒಂದೊಂದನ್ನೂ ಮುಚ್ಚಿ ನೋಡಿ ಝೀರೋ ಎರರ್ (ಮುಚ್ಚಿದಾಗ ಸೊನ್ನೆಯ ಬದಲು ತೋರಿಸುವ ಅಂಕಿ) ಎಷ್ಟಿದೆ ಎಂದು ಸಣ್ಣ ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೆ ಇಡುವುದು ನನ್ನ ಪದ್ಧತಿಯಾಗಿತ್ತು. 1 ಮಿಲಿಮೀಟರ್ ಪಿಚ್ (ಒಂದು ಸುತ್ತಿಗೆ ತಿರುಪು ಸರಿಯುವ ದೂರ), 100 ವಿಭಾಗಗಳ ಸ್ಕ್ರೂ ಗೇಜಿನ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಸಣ್ಣ ಅಳತೆ, 0.01 ಮಿಲಿಮೀಟರ್. ಅದರಲ್ಲಿ 4 ವಿಭಾಗಗಳ ಝೀರೋ ಎರರ್ ಎಂದರೆ 0.04 ಮಿಲಿಮೀಟರ್. ಕೇಳಲು ಏನೂ ಅಲ್ಲ ಎನಿಸುತ್ತದೆ. 0.36 ಮಿಲಿಮೀಟರ್ ವ್ಯಾಸದ ತಂತಿಯನ್ನು ಅದರಲ್ಲಿ ಅಳೆದು ತಿದ್ದುಪಡಿ ಮಾಡದೆ 0.40 ಎಂದು ಬರೆದರೆ, ವ್ಯಾಸದ ವರ್ಗ ಬರುವ ರೋಧಶೀಲತೆಯ (ವಸ್ತು ವಿದ್ಯುತ್ತನ್ನು ತಡೆಯುವ ಗುಣದ) ಲೆಕ್ಕದಲ್ಲಿ ಉತ್ತರ ಶೇಕಡಾ 23ರಷ್ಟು ಹೆಚ್ಚಾಗುತ್ತದೆ. ಹಳೆಯ ತಿರುಪುಗಳಲ್ಲಿ ಹಿಂದೆ ಮುಂದೆ ತಿರುಗಿಸುವಾಗ ಸ್ವಲ್ಪ ಸಡಿಲವೂ ಇರುತ್ತದೆ, ಅದಕ್ಕೆ ಒಂದೇ ದಿಕ್ಕಿನಲ್ಲಿ ತಿರುಗಿಸಿ ರೀಡಿಂಗ್ ತೆಗೆಯಬೇಕು. ಮೀಟರ್ ಸ್ಕೇಲಿನ ತುದಿ ಸವೆದಿರುವುದರಿಂದ ಸೊನ್ನೆಯ ಬದಲು 10 ಸೆಂಟಿಮೀಟರ್ ಗೆರೆಯಿಂದ ಅಳೆಯಬೇಕು. ಇವನ್ನು ಹೇಳಿಕೊಟ್ಟರೆ ಹಳೆಯ ಉಪಕರಣದಲ್ಲೂ ಒಳ್ಳೆಯ ಅಳತೆ ಸಾಧ್ಯ. ಹೊಸ ಉಪಕರಣ ಬೇಕೆಂಬ ಬೇಡಿಕೆ ನನ್ನದಲ್ಲ. ಹೇಗೂ ಪುಸ್ತಕದ ಉತ್ತರವೇ ಬರುವುದಾದರೆ ಆ ಚೀಟಿಯನ್ನು ತೆರೆದು ನೋಡುವವರು ಯಾರು?

ಮಾನಗಳ ಪರಿವರ್ತನೆಯಲ್ಲಿ ಇನ್ನೊಂದು ಬಗೆಯ ಕಣ್ಣುಮುಚ್ಚಾಟ ನಡೆಯುತ್ತಿದೆ. ನಮ್ಮ ಮಕ್ಕಳು ಮನೆಯಲ್ಲಿ ಜಾಗವನ್ನು ಸೆಂಟಿನಲ್ಲಿ ಹೇಳುತ್ತಾರೆ, ಗ್ರಾಮ ಕಚೇರಿಯ ತೆರಿಗೆ ರಶೀದಿಯಲ್ಲಿ ಅದೇ ಜಾಗ ಆರ್ (100 ಚದರ ಮೀಟರ್) ಮತ್ತು ಚದರ ಮೀಟರಿನಲ್ಲಿರುತ್ತದೆ. 10 ಸೆಂಟ್ ಎಂದರೆ ಸುಮಾರು 4.05 ಆರ್ ಎಂದು ಅಪ್ಪಂದಿರು ಬಾಯಲ್ಲೇ ಲೆಕ್ಕ ಹಾಕುತ್ತಾರೆ. ಚಿನ್ನ ಪವನಿನಲ್ಲಿ, ಪವನಿಗೆ 8 ಗ್ರಾಂ. ಅಡಿಕೆಗೆ ಕೊಳೆರೋಗ ಬಾರದಿರಲು ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬುದು ತೋಟದ ಮನೆಯ ಯಾವ ಮಗುವಿಗೂ ಗೊತ್ತು. ಮಾನ ಬದಲಿಸುವುದು ಇವರಿಗೆ ಹೊಸದಲ್ಲ. ಆದರೂ ಲ್ಯಾಬಿನೊಳಗೆ ಕಬ್ಬಿಣದ ಗುಂಡಿನ ಸಾಂದ್ರತೆ 0.78 ಕಿಲೋಗ್ರಾಂ ಪ್ರತಿ ಘನ ಮೀಟರ್ ಎಂದು ಬರೆದದ್ದನ್ನು ನೋಡಿದ್ದೇನೆ. ಒಂದು ಮೀಟರಿಗೆ 100 ಸೆಂಟಿಮೀಟರ್ ಆದ್ದರಿಂದ ಒಂದು ಘನ ಮೀಟರಿಗೂ 100 ಘನ ಸೆಂಟಿಮೀಟರ್ ಎಂದು ತಿಳಿದು ಮಾಡಿದ ತಪ್ಪು ಅದು. ಇರುವುದು ಹತ್ತು ಲಕ್ಷ. ಉತ್ತರ 7800 ಬರಬೇಕಿತ್ತು. ಗಾಳಿಯ ಸಾಂದ್ರತೆಯೇ ಸುಮಾರು 1.2. ಗಾಳಿಗಿಂತ ಹಗುರವಾದ ಕಬ್ಬಿಣ ಉಂಟೇ ಎಂದು ತನ್ನನ್ನೇ ಕೇಳಿಕೊಳ್ಳುವ ಅಭ್ಯಾಸ ಆ ಮಗುವಿಗೆ ಇರಲಿಲ್ಲ. ಉತ್ತರ ಪುಸ್ತಕಕ್ಕೆ ಹೊಂದುತ್ತದೆಯೇ ಎಂದು ನೋಡುವ ಅಭ್ಯಾಸ ಮಾತ್ರ ಇತ್ತು.

ಇಂಥ ತಪ್ಪು ಹಾಳೆಯಲ್ಲೇ ಉಳಿಯುವುದಿಲ್ಲ. 1983ರ ಜುಲೈಯಲ್ಲಿ ಕೆನಡಾದಲ್ಲಿ ಏರ್ ಕೆನಡಾದ ಒಂದು ಬೋಯಿಂಗ್ 767 ವಿಮಾನಕ್ಕೆ ಇಂಧನ ತುಂಬುವಾಗ, ಲೀಟರಿಗೆ ಇಷ್ಟು ಕಿಲೋ ಎಂದು ಹಿಡಿಯಬೇಕಾದಲ್ಲಿ ಲೀಟರಿಗೆ ಇಷ್ಟು ಪೌಂಡು ಎಂಬ ಅಂಕಿಯನ್ನು ಬಳಸಿದರು. ಬೇಕಾದ ಇಂಧನದ ಅರ್ಧವೂ ಟ್ಯಾಂಕಿನಲ್ಲಿರಲಿಲ್ಲ. ಆಕಾಶದಲ್ಲೇ ಎರಡೂ ಎಂಜಿನುಗಳು ನಿಂತುಹೋದವು. ಪೈಲಟ್ ಅದನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿ ಇಳಿಸಿದ್ದರಿಂದ ಜೀವಗಳು ಉಳಿದವು. 1999ರಲ್ಲಿ ಮಂಗಳ ಗ್ರಹದ ಹತ್ತಿರ ನಾಸಾದ ಒಂದು ನೌಕೆ ಕಳೆದುಹೋದದ್ದೂ ಪೌಂಡು ಮತ್ತು ನ್ಯೂಟನ್ನಿನ ಗೊಂದಲದಿಂದ.

ಇದಕ್ಕೆ ತದ್ವಿರುದ್ಧವಾಗಿ, ಅಳತೆಯ ಸಣ್ಣ ವ್ಯತ್ಯಾಸವನ್ನು ಉಜ್ಜದೆ ಉಳಿಸಿಕೊಂಡವರು ಏನು ಕಂಡರು ಎಂಬುದನ್ನು ತಾವು ತರಗತಿಯಲ್ಲಿ ಹೇಳಿದ್ದೀರಿ ಎಂದು ನಂಬಿದ್ದೇನೆ. ಲಾರ್ಡ್ ರ‍್ಯಾಲಿ ನೈಟ್ರೋಜನ್ನಿನ ಸಾಂದ್ರತೆಯನ್ನು ಅಳೆದಾಗ, ಗಾಳಿಯಿಂದ ತೆಗೆದದ್ದು ರಾಸಾಯನಿಕಗಳಿಂದ ತಯಾರಿಸಿದ್ದಕ್ಕಿಂತ ಸುಮಾರು ಶೇಕಡಾ ಅರ್ಧದಷ್ಟು ಭಾರ ಬಂತು. ಪ್ರಾಯೋಗಿಕ ದೋಷ ಎಂದು ಬಿಟ್ಟುಬಿಡಬಹುದಿತ್ತು. ಆದರೆ ತನ್ನ ಉಪಕರಣದ ದೋಷ ಎಷ್ಟು ಎಂದು ಅವರಿಗೆ ಗೊತ್ತಿತ್ತು, ಈ ವ್ಯತ್ಯಾಸ ಅದಕ್ಕಿಂತ ಬಹಳ ದೊಡ್ಡದು ಎಂದೂ ಗೊತ್ತಿತ್ತು. 1892ರಲ್ಲಿ, ವ್ಯತ್ಯಾಸ ಇನ್ನೂ ಚಿಕ್ಕದಾಗಿ ಕಂಡಾಗಲೇ, ಅದನ್ನು ಬಹಿರಂಗವಾಗಿ ಪ್ರಕಟಿಸಿ, ಯಾರಿಗಾದರೂ ಕಾರಣ ಹೊಳೆಯುತ್ತದೆಯೇ ಎಂದು ಕೇಳಿದರು. ಆ ಶೇಕಡಾ ಅರ್ಧದ ಹಿಂದೆ ಇದ್ದದ್ದು ಆರ್ಗಾನ್ ಎಂಬ ಹೊಸ ಮೂಲವಸ್ತು. 1904ರಲ್ಲಿ ರ‍್ಯಾಲಿಯವರಿಗೂ ಜೊತೆಗೆ ದುಡಿದ ವಿಲಿಯಂ ರಾಮ್ಸೆಯವರಿಗೂ ನೊಬೆಲ್ ಬಂತು. ಇನ್ನೊಂದು ಉದಾಹರಣೆ ಅಷ್ಟು ಸಂತೋಷದ್ದಲ್ಲ. ಅಮೆರಿಕದ ಭೌತವಿಜ್ಞಾನಿ ಮಿಲಿಕನ್ ಎಣ್ಣೆಹನಿ ಪ್ರಯೋಗದಲ್ಲಿ ಗಾಳಿಯ ಸ್ನಿಗ್ಧತೆಗೆ ಸರಿಯಲ್ಲದ ಬೆಲೆ ಬಳಸಿದ್ದರಿಂದ ಎಲೆಕ್ಟ್ರಾನಿನ ಆವೇಶ ಸ್ವಲ್ಪ ಕಡಿಮೆ ಬಂದಿತ್ತು. ನಂತರ ಅಳೆದವರು ಒಮ್ಮೆಲೇ ಸರಿಯಾದ ಬೆಲೆಗೆ ಬರಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಹೋದರು. 1974ರಲ್ಲಿ ಕ್ಯಾಲ್‌ಟೆಕ್‌ನ ಪದವಿ ಸಮಾರಂಭದಲ್ಲಿ ರಿಚರ್ಡ್ ಫೈನ್‌ಮನ್ ಇದರ ಕಾರಣ ಹೇಳಿದರು: ಮಿಲಿಕನ್ನರ ಬೆಲೆಗಿಂತ ತುಂಬ ಹೆಚ್ಚು ಬಂದಾಗ ತಪ್ಪು ಹುಡುಕುತ್ತಿದ್ದರು, ಹತ್ತಿರ ಬಂದಾಗ ಅಷ್ಟಾಗಿ ಹುಡುಕುತ್ತಿರಲಿಲ್ಲ. ದೊಡ್ಡ ವಿಜ್ಞಾನಿಗಳನ್ನೇ ಬಿಡದ ಈ ದೌರ್ಬಲ್ಯವನ್ನು ನಾವು ಹದಿನಾರು ಹದಿನೇಳರ ಮಕ್ಕಳಿಗೆ ಅಂಕ ಕೊಟ್ಟು ಕಲಿಸುತ್ತಿದ್ದೇವೆ.

ದೂರದ ಮಾತೇಕೆ? 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುರು ಮಾಡಿದ ಭೂಮಾಪನ ನಮ್ಮ ಈ ಕರಾವಳಿಗೆ, ಮಂಗಳೂರಿನವರೆಗೆ ಬಂದಿತ್ತು. ಅವರ ಉಕ್ಕಿನ ಸರಪಳಿ 100 ಅಡಿ ಉದ್ದ. 10 ಡಿಗ್ರಿ ಬಿಸಿಯಾದರೆ ಅಂಥ ಸರಪಳಿ ಸುಮಾರು 3.5 ಮಿಲಿಮೀಟರ್ ಹಿಗ್ಗುತ್ತದೆ. ಅದಕ್ಕಾಗಿ ಪಕ್ಕದಲ್ಲೇ ಉಷ್ಣತಾಮಾಪಕ ಇಟ್ಟು ತಿದ್ದುಪಡಿ ಮಾಡುತ್ತಿದ್ದರು. ಆ ಕಡಲಿನಿಂದ ಈ ಕಡಲಿಗೆ ಹಳೆಯ ಭೂಪಟಗಳಲ್ಲಿ ಸುಮಾರು 400 ಮೈಲಿ ಇತ್ತು, ಅಳೆದಾಗ ಬಂದದ್ದು 360. ಹಳೆಯ ಭೂಪಟಕ್ಕೆ ಸರಿಹೊಂದಿಸಲು ಅವರು ತಮ್ಮ ಅಂಕಿಗಳನ್ನು ತಿದ್ದಲಿಲ್ಲ.

ತಮ್ಮ ಕಷ್ಟವೂ ನನಗೆ ಗೊತ್ತಿಲ್ಲದ್ದಲ್ಲ. ಒಂದು ದಿನದಲ್ಲಿ ಎರಡು ಬ್ಯಾಚ್, ಎಲ್ಲರ ವೈವಾ (ಮೌಖಿಕ ಪರೀಕ್ಷೆ), ಎಲ್ಲರ ರೆಕಾರ್ಡ್, ಸಂಜೆಯೊಳಗೆ ಅಂಕ ಸೇರಿಸಬೇಕು. ಪ್ರತಿ ಮಗುವಿನ ಪಕ್ಕದಲ್ಲಿ ನಿಂತು ನೋಡಲು ಸಮಯವಿಲ್ಲದಾಗ ಕೊನೆಯ ಅಂಕಿಯನ್ನು ನೋಡುವುದು ಸುಲಭದ ದಾರಿ. ಆದರೆ ಕೋಷ್ಟಕವನ್ನು ನೋಡಲು ಬಹಳ ಹೊತ್ತು ಬೇಡ. ಕೈಯಿಂದ ಅಳೆದ ಸಮಯಗಳು ಒಂದಕ್ಕೊಂದು ಸ್ವಲ್ಪ ಆಚೀಚೆ ಇರುತ್ತವೆ. ನಾಲ್ಕು ಉದ್ದಗಳಿಗೂ 9.80, 9.81, 9.81, 9.80 ಎಂದು ಸಾಲಾಗಿ ಬಂದಿದ್ದರೆ ಆ ಮೇಜಿನಲ್ಲಿ ಅಳತೆ ನಡೆದಿಲ್ಲ ಎಂದು ಒಂದು ನೋಟಕ್ಕೇ ಗೊತ್ತಾಗುತ್ತದೆ. ಅಂಕ ಕಡಿಮೆಯಾಗಬೇಕಾದ್ದು ಅಂಥ ಹಾಳೆಗೆ. “ಹಾಗಾದರೆ ಏನು ಬರೆದರೂ ಅಂಕ ಕೊಡಬೇಕೇ?” ಎಂದು ಕೆಲವರು ಕೇಳಿದ್ದಾರೆ. ಖಂಡಿತ ಬೇಡ. 10.8 ಬರೆದು ದೋಷ 0.1 ಎಂದವನ ಎಣಿಕೆ ತಪ್ಪಿದೆ, ಅದನ್ನು ಕೇಳಬೇಕು. ಕಾರಣ ಹುಡುಕಿ ಹೇಳಿದರೆ ಅಂಕ ಕೊಡಬೇಕು, ಹೇಳದಿದ್ದರೆ ಕಳೆಯಬೇಕು.

ನನ್ನ ಬೇಡಿಕೆಗಳು ಹಣ ಕೇಳುವಂಥವಲ್ಲ. ಅಂಕ ಹಂಚಿಕೆ ನಿರ್ಧರಿಸುವ ಅಧಿಕಾರಿಗಳಲ್ಲಿ ಮೊದಲನೆಯದಾಗಿ ಕೇಳುವುದು, ‘ಫಲಿತಾಂಶ’ಕ್ಕೆ ಇಡುವ ಅಂಕವನ್ನು ಪುಸ್ತಕದ ಬೆಲೆಗೆ ಎಷ್ಟು ಹತ್ತಿರ ಎಂದು ನೋಡಿ ಕೊಡಬಾರದು. ಮಗು ತಾನೇ ಲೆಕ್ಕ ಹಾಕಿದ ದೋಷದ ಮಿತಿಯೊಳಗೆ ಸರಿಯಾದ ಬೆಲೆ ಬಂದಿದೆಯೇ, ಬಾರದಿದ್ದರೆ ಕಾರಣ ಬರೆದಿದೆಯೇ ಎಂಬುದನ್ನು ನೋಡಿ ಕೊಡುವಂತಾಗಬೇಕು. ಝೀರೋ ಎರರ್, ಲೀಸ್ಟ್ ಕೌಂಟ್, ± ಸಹಿತ ಉತ್ತರ, ಇವಕ್ಕೆ ಪ್ರತ್ಯೇಕ ಅಂಕ ಇರಲಿ. ಪರೀಕ್ಷಕರ ಕೈಗೆ ಕೊಡುವ ಸೂಚನೆಯಲ್ಲಿ ನಮ್ಮ ಜಿಲ್ಲೆಯ ಗುರುತ್ವದ ಬೆಲೆ 9.78 ಎಂದೂ, ಶಬ್ದದ ವೇಗವನ್ನು ಆ ದಿನದ ಉಷ್ಣತೆಗೆ ಲೆಕ್ಕ ಹಾಕಬೇಕೆಂದೂ ಒಂದು ಸಾಲು ಸೇರಿಸಿದರೆ ಸಾಕು. ಕೋಷ್ಟಕವನ್ನು ಪೆನ್ನಿನಲ್ಲೇ ಬರೆಯುವಂತಾಗಲಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ, ಹಳೆಯ ಅಂಕಿ ಕಾಣುತ್ತಿರಲಿ. ಗೆರೆ ಎಳೆದದ್ದಕ್ಕೆ ಅಂಕ ಕಳೆಯುವುದಿಲ್ಲ ಎಂದು ಪರೀಕ್ಷೆಯ ಆರಂಭದಲ್ಲೇ ಮಕ್ಕಳಿಗೆ ಹೇಳಿ.

ಪರೀಕ್ಷಕರಲ್ಲಿ ಕೇಳುವುದು ಇನ್ನೊಂದಿದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ವೈವಾದಲ್ಲಿ ಕನ್ನಡದಲ್ಲಿ ಉತ್ತರಿಸಲು ಬಿಡಿ. ಪರೀಕ್ಷಕರಿಗೆ ಕನ್ನಡ ಬಾರದಿದ್ದರೆ ಶಾಲೆಯಲ್ಲಿ ಕನ್ನಡ ಬಲ್ಲ ಅಧ್ಯಾಪಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ದೋಷ ಎಲ್ಲಿಂದ ಬಂತು ಎಂದು ವಿವರಿಸುವುದು ಸೂತ್ರ ಒಪ್ಪಿಸಿದ ಹಾಗಲ್ಲ. ನಾಲ್ಕು ವಾಕ್ಯ ಜೋಡಿಸಿ ಹೇಳಬೇಕಾಗುತ್ತದೆ, ಅದು ಬರುವುದು ಆಡುವ ಭಾಷೆಯಲ್ಲಿ. ಲ್ಯಾಬ್ ಕೈಪಿಡಿ ಕನ್ನಡದಲ್ಲೂ ಸಿಗುವಂತಾದರೆ ಇನ್ನೂ ಒಳ್ಳೆಯದು.

ಅಧ್ಯಾಪಕರಲ್ಲಿ ಒಂದು ಸಲಹೆ. ಉತ್ತರ ಮೊದಲೇ ಗೊತ್ತಿಲ್ಲದ ಒಂದು ಅಳತೆಯನ್ನಾದರೂ ವರ್ಷಕ್ಕೊಮ್ಮೆ ಮಾಡಿಸಿ. ಎಣ್ಮಕಜೆ, ಬದಿಯಡ್ಕ, ಪೈವಳಿಕೆ ಕಡೆಯ ಎಷ್ಟೋ ಮನೆಗಳಲ್ಲಿ ಸುರಂಗದ (ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಬಾವಿಯ) ನೀರಿದೆ. ದಂಬೆಯಲ್ಲೋ (ಅಡಿಕೆ ಮರದ ತೂಬಿನಲ್ಲೋ) ಪೈಪಿನಲ್ಲೋ ಬರುವ ಆ ನೀರನ್ನು 10 ಲೀಟರ್ ಬಕೆಟ್ಟಿಗೆ ಹಿಡಿದು ಸಮಯ ಅಳೆಯಲಿ. 48 ಸೆಕೆಂಡು ಹಿಡಿದರೆ ನಿಮಿಷಕ್ಕೆ 12.5 ಲೀಟರ್, ದಿನಕ್ಕೆ 18,000 ಲೀಟರ್. ಬೆರಳಿನ 0.2 ಸೆಕೆಂಡು ಇಲ್ಲಿ ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಬಕೆಟ್ಟಿನ ಗೆರೆಯಲ್ಲಿ 0.2 ಲೀಟರ್ ಹೆಚ್ಚು ಕಡಿಮೆಯಾದರೆ ಅದು ಶೇಕಡಾ 2, ದಿನಕ್ಕೆ 360 ಲೀಟರ್. ಯಾವ ದೋಷ ದೊಡ್ಡದು, ಯಾವುದನ್ನು ಮೊದಲು ಸರಿಪಡಿಸಬೇಕು ಎಂಬುದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಜನವರಿಯಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ಅಳೆದರೆ ಬೇಸಿಗೆಗೆ ನೀರು ಎಷ್ಟು ಇಳಿಯಿತು ಎಂದು ಮನೆಯವರಿಗೂ ಗೊತ್ತಾಗುತ್ತದೆ. ಈ ಉತ್ತರ ಯಾವ ಗೈಡಿನಲ್ಲೂ ಸಿಗುವುದಿಲ್ಲ.

ಮುಂದಿನ ಪ್ರಾಕ್ಟಿಕಲ್ ಪರೀಕ್ಷೆಗೆ ಮೊದಲು ನಡೆಯುವ ಪರೀಕ್ಷಕರ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು, ತೀರ್ಮಾನವನ್ನು ಲಿಖಿತ ಸೂಚನೆಯಾಗಿ ಎಲ್ಲ ಶಾಲೆಗಳಿಗೆ ಕಳುಹಿಸಬೇಕೆಂದು ವಿನಂತಿಸುತ್ತೇನೆ. ಉಪಕರಣಗಳ ಝೀರೋ ಎರರ್ ನೋಡಿ ಚೀಟಿ ಬರೆದಿಡುವ ಕೆಲಸಕ್ಕೆ ಲ್ಯಾಬ್ ಅಸಿಸ್ಟೆಂಟರಿಗೆ ತರಬೇತಿ ಕೊಡುವುದಾದರೆ, ಯಾವ ಶಾಲೆಗೆ ಕರೆದರೂ ಸಂಭಾವನೆಯಿಲ್ಲದೆ ಬಂದು ಹೇಳಿಕೊಡಲು ನಾನು ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಅಸಿಸ್ಟೆಂಟ್ (ಭೌತಶಾಸ್ತ್ರ)
ಕಾಸರಗೋಡು ಜಿಲ್ಲೆ